ನಿಧನದ ಚೀಟಿಯಲ್ಲಿ ಬಿಟ್ಟ ಹೆಸರು

ಸಮೋರಾ, ಸ್ಪೇನ್
ನವೆಂಬರ್ ೧೪

ಪ್ರೀತಿಯ ಬೆನಿಲ್ದೆ ಅಕ್ಕಾ,

"ತಿರುಗು ತೊಟ್ಟಿಲೇ, ನನ್ನ ಕೂಸು ಅಳದಿರಲಿ." ಅಮ್ಮ ಹಾಡುತ್ತಿದ್ದ ಸಾಲು ಇದೇನಾ? 'ಎಚ್ಚರಾಗದಿರಲಿ' ಎಂದಿತ್ತೋ ಏನೋ. ತೊಟ್ಟಿಲು ತೂಗುತ್ತದೆ, ತಿರುಗುವುದೆಲ್ಲಿ ಎಂದು ನಾನು ಜಗಳವಾಡುತ್ತಿದ್ದೆ. ಅದು ಅನಾಥಾಲಯದ ಗೋಡೆಯಲ್ಲಿದ್ದ, ಹೊರಗಿನಿಂದ ಮಗುವನ್ನಿಟ್ಟು ಒಳಕ್ಕೆ ತಿರುಗಿಸುವ ಪೆಟ್ಟಿಗೆ. ನಮ್ಮ ಮುತ್ತಜ್ಜನನ್ನು ಯಾರೋ ಅದರಲ್ಲಿ ಮಲಗಿಸಿ ಹೋದರು. ಸನ್ಯಾಸಿನಿಯರು ಪುಸ್ತಕದಲ್ಲಿ ಎಕ್ಸ್‌ಪೊಸಿತೊ, ಅಂದರೆ ಬಿಟ್ಟುಹೋದ ಮಗು, ಎಂದು ಬರೆದರು. ಅದೇ ಅಮ್ಮನ ಮನೆತನದ ಹೆಸರಾಯಿತು. ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಹೇಳಬೇಕಾದದ್ದನ್ನು ಮುಂದೂಡಲು.

ಅಮ್ಮನಿಗೆ ಆ ಹೆಸರಿನ ಬಗ್ಗೆ ನಾಚಿಕೆಯೇ ಇರಲಿಲ್ಲ. ರೇಡಿಯೋದಲ್ಲಿ, ನೀನೀಗ ಇರುವ ಅರ್ಜೆಂಟೀನಾದ ಟ್ಯಾಂಗೋ ಹಾಡು ಬಂದರೆ, "ಇದನ್ನ ಬರೆದ ಅಣ್ಣತಮ್ಮಂದಿರೂ ಎಕ್ಸ್‌ಪೊಸಿತೊಗಳೇ ಕಣ್ರೇ, ನಮ್ಮೋರು!" ಎಂದು ಕುಣಿಯುತ್ತಿದ್ದಳು. "ಹಾಗಾದ್ರೆ ಅವರ ಹತ್ರ ನಂಗೊಂದು ಕೋಟು ಕೇಳಮ್ಮಾ," ಎಂದು ನೀನು ಕಾಡುತ್ತಿದ್ದೆ. ಹಳ್ಳಿಯಲ್ಲಿ ಎಲ್ಲರ ಬಾಯಲ್ಲೂ ಅವಳು ಎಕ್ಸ್‌ಪೊಸಿತಾ. ಸಗ್ರಾರಿಯೊ ಎಂಬ ಹೆಸರು ಎಷ್ಟು ಜನರಿಗೆ ಗೊತ್ತಿತ್ತು? ಅಪ್ಪನ ವಾಲ್ದಿವಿಯೆಸೊ ಎಂಬ ಮನೆತನದ ಹೆಸರನ್ನಂತೂ ಅಲ್ಲಿ ಯಾರೂ ಬಳಸುತ್ತಿರಲಿಲ್ಲ.

ಅಮ್ಮ ಇಲ್ಲಿನ ಆಸ್ಪತ್ರೆಯಲ್ಲಿ ತೀರಿಕೊಂಡ ದಿನ ಅಂತ್ಯಕ್ರಿಯೆಯವನು, ಇಲ್ಲೂ ಹಳ್ಳಿಯಲ್ಲೂ ಗೋಡೆಗೆ ಅಂಟಿಸುವ ನಿಧನದ ಚೀಟಿಗೆ ಹೆಸರು ಕೇಳಿದ. "ಸಗ್ರಾರಿಯೊ, ವಾಲ್ದಿವಿಯೆಸೊ ಅವರ ವಿಧವೆ," ಎಂದೆ. "ತವರಿನ ಹೆಸರು ಬೇಡ್ವಾ ಮೇಡಂ? ಊರೋರಿಗೆ ಗುರುತು ಸಿಗ್ಬೇಕಲ್ಲ." ಅಷ್ಟು ಸಾಕು ಎಂದೆ. ನನ್ನ ಕಾಲೇಜಿನವರು ಆ ಚೀಟಿ ಓದುತ್ತಾರೆ ಎಂಬುದೊಂದೇ ಆಗ ನನ್ನ ತಲೆಯಲ್ಲಿದ್ದದ್ದು.

ಹಳ್ಳಿಯಿಂದ ಒಬ್ಬರೂ ಬರಲಿಲ್ಲ. ಮಳೆ ಜೋರಾಗಿತ್ತು ಎಂದು ಫೋನಿನಲ್ಲಿ ನಿನಗೆ ಹೇಳಿದೆ. ಮಳೆ ಇರಲಿಲ್ಲ ಅಕ್ಕಾ. ಅವಳ ಜೊತೆ ನಲವತ್ತು ವರ್ಷ ದ್ರಾಕ್ಷಿ ಕೊಯ್ದವರು ಯಾರೂ ಇಲ್ಲದೆ, ನನ್ನ ಸಹೋದ್ಯೋಗಿಗಳ ನಡುವೆ, ಅವಳನ್ನು ಮಣ್ಣು ಮಾಡಿದೆ.

ಶನಿವಾರ ಸಮಾಧಿಯ ಕಲ್ಲು ಕೆತ್ತುತ್ತಾರೆ. ಅಜ್ಜಿಯ ಮನೆತನದ ಹೆಸರನ್ನೂ ಸೇರಿಸಿ, ಸಗ್ರಾರಿಯೊ ಎಕ್ಸ್‌ಪೊಸಿತೊ ಲುವೆಂಗೊ ಎಂದು ಪೂರ್ತಿ ಬರೆದುಕೊಟ್ಟಿದ್ದೇನೆ. ನಿನ್ನ ಒಪ್ಪಿಗೆಯೂ ಬೇಕಂತೆ, ಕಳಿಸು. ಕ್ಷಮಿಸು ಎಂದು ಕೇಳುವ ಧೈರ್ಯವಿಲ್ಲ.

ನಿನ್ನ ತಂಗಿ,
ಒರೋಸಿಯಾ

ಮರೆತ ಮಾತು: ಮರೆತದ್ದಲ್ಲ, ಬರೆಯಲಾರದೆ ಉಳಿಸಿಕೊಂಡದ್ದು. ನಿನ್ನೆ ಅಮ್ಮನ ಬಟ್ಟೆ ತರಲು ಹಳ್ಳಿಗೆ ಹೋಗಿದ್ದೆ. ಪಕ್ಕದ ಮನೆಯ ಕಸಿಲ್ದಾ ಬಾಗಿಲಿಗೆ ಬಂದಳು. "ಚರ್ಚಿನ ಗೋಡೆ ಮೇಲೆ ಯಾರೋ ದೊಡ್ಡ ಮನೆಯವಳು ತೀರ್ಕೊಂಡಿದ್ದು ಓದಿದ್ವಿ. ಅದಿರಲಿ, ಎಕ್ಸ್‌ಪೊಸಿತಾನ ಆಸ್ಪತ್ರೆಯಿಂದ ಯಾವಾಗ ಕರ್ಕೊಂಡ್ ಬರ್ತೀಯೇ? ದಿನಾ ಬಿಸಿಲಲ್ಲಿ ಅವಳ ಕುರ್ಚೀನೂ ಹಾಕ್ತಿದೀನಿ," ಎಂದಳು.