ಹೊಸತು ಉಣ್ಣುವ ಮೊದಲೇ ಹೊರಟ ಬೂಟು

ಸ್ವದೇಶಿ ಸೇನಾ ಸಾಮಗ್ರಿಗಳನ್ನು ಹೊರದೇಶಕ್ಕೆ ಮಾರಿಸುವ ಕಚೇರಿಯ ಮುಖ್ಯಾಧಿಕಾರಿಗಳೇ,

ನಮ್ಮ ಸಿಪಾಯಿಗೆ ಇನ್ನೂ ಸಿಕ್ಕದ ಬೂಟಿಗೆ ತಾವು ಪರದೇಶದವರ ಕಾಲಿನ ಅಳತೆ ತೆಗೆಯುತ್ತಿದ್ದೀರಿ. ನನ್ನ ತಕರಾರು ಇಷ್ಟೇ. ಇದನ್ನು ಹೇಳಲು ಇನ್ನಷ್ಟು ಮೆತ್ತಗಿನ ಮಾತು ಹುಡುಕಿದೆ, ಸಿಗಲಿಲ್ಲ.

ಕಳೆದ ತಿಂಗಳು ಪುತ್ತೂರಿನಲ್ಲಿ ನಡೆದ ತಮ್ಮ ವಸ್ತುಪ್ರದರ್ಶನಕ್ಕೆ ನೆರೆಮನೆಯ ಸಂಕಪ್ಪನನ್ನು ಕರೆದುಕೊಂಡು ಹೋಗಿದ್ದೆ. ಹದಿನೈದು ವರ್ಷದ ಹಿಂದೆ, ಅರವತ್ತೆರಡರ ಚೀನಾ ಯುದ್ಧದಲ್ಲಿ ಅವನು ಕ್ಯಾನ್ವಾಸ್ ಬೂಟಿನಲ್ಲಿ ಗಡಿಯ ಹಿಮದ ಗುಡ್ಡೆಯ ಮೇಲೆ ಕಾವಲು ನಿಂತವನು. ಬಲಗಾಲಿನ ಬೆರಳುಗಳನ್ನು ಅಲ್ಲಿಯೇ ಬಿಟ್ಟು ಬಂದ. ಪ್ರದರ್ಶನದಲ್ಲಿ ಕೆಂಪು ಮಕಮಲ್ಲಿನ ಮೇಲೆ, ಪೂಜೆಗಿಟ್ಟ ಹಾಗೆ, ಒಂದು ಜೊತೆ ಬೂಟು ಇತ್ತು. ಒಳಗೆ ಉಣ್ಣೆ, ಹೊರಗೆ ದಪ್ಪ ಚರ್ಮ. ಪಕ್ಕದಲ್ಲಿ ‘ಎಂಥ ಹಿಮಕ್ಕೂ ಜಗ್ಗದು’ ಎಂಬ ಫಲಕ.

“ಒಮ್ಮೆ ಕಾಲಿಗೆ ಹಾಕಿ ನೋಡ್ಲಾ ಮಾರಾಯ್ರೆ?” ಸಂಕಪ್ಪ ಕೇಳಿದ.

“ಮುಟ್ಟಬೇಡಿ, ಅದು ರಫ್ತಿಗೆ” ಎಂದರು ಕೋಟು ತೊಟ್ಟ ತಮ್ಮ ಅಧಿಕಾರಿ.

“ನನ್ನ ಬೆರಳು ಸಹ ರಫ್ತಾಗಿಯೇ ಹೋದದ್ದು. ರಶೀದಿ ಕೊಡ್ಲಿಲ್ಲ, ಅಷ್ಟೆ.”

ಸುತ್ತ ನಿಂತವರು ನಕ್ಕರು. ಅಧಿಕಾರಿಯೂ ನಕ್ಕರು. ಸಂಕಪ್ಪ ನಗಲಿಲ್ಲ.

“ನನ್ನ ತಮ್ಮ ಸೀನ ಈಗ ಅದೇ ಗುಡ್ಡೆಯಲ್ಲಿ ಕಾವಲಿಗೆ ಇದ್ದಾನೆ. ಅವನಿಗೆ ಇದು ಯಾವಾಗ ಸಿಗುದು?”

“ಹಂತಹಂತವಾಗಿ.”

ಹಿಮ ಹಂತಹಂತವಾಗಿ ಬೀಳುತ್ತದೆಯೇ ಸ್ವಾಮಿ? ಬೆರಳುಗಳು ಮೊದಲು ಅರ್ಜಿ ಹಾಕಿ, ಮಂಜೂರಾದ ಮೇಲೆ ಮರಗಟ್ಟುತ್ತವೆಯೇ?

ದೇಶಕ್ಕೆ ವಿದೇಶಿ ಹಣ ಬೇಕೆಂದು ತಮ್ಮವರು ಅಲ್ಲಿ ಭಾಷಣ ಮಾಡಿದರು. ಒಪ್ಪಿದೆ. ನಾನೂ ಅಂಗಡಿ ಇಟ್ಟವನು, ಮಾರುವವರನ್ನು ಬೈಯಲಾರೆ. ಆದರೆ ನಮ್ಮ ಇಚಿಲಂಪಾಡಿಯಲ್ಲಿ ‘ಹೊಸತು’ ಎಂಬ ಕ್ರಮವಿದೆ. ಗದ್ದೆಯ ಮೊದಲ ತೆನೆಯ ಅಕ್ಕಿಯಿಂದ ಅನ್ನ ಮಾಡಿ ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣಬೇಕು. ಆಮೇಲೆಯೇ ಆ ಬೆಳೆ ಮಾರಾಟಕ್ಕೆ. ಎಂಥ ಗಿರಾಕಿ ಅಂಗಳದಲ್ಲಿ ನಿಂತರೂ ಅದಕ್ಕೂ ಮೊದಲು ಒಂದು ಸೇರು ಅಳೆಯುವುದಿಲ್ಲ. ನಾವು ಬ್ಯಾರಿ ಮುಸಲ್ಮಾನರಾದರೂ ಸಂಕಪ್ಪನ ಮನೆಯ ಹೊಸತಿನಲ್ಲಿ ನಮ್ಮ ಮನೆಗೂ ಒಂದು ಪಾಲು ಬರುತ್ತದೆ. ಅಷ್ಟು ದೊಡ್ಡ ಕಚೇರಿಯಲ್ಲಿ ಇಷ್ಟು ತಿಳಿದವರು ಒಬ್ಬರೂ ಇಲ್ಲವೇ?

ಈ ವರ್ಷ ಸಂಕಪ್ಪನ ತಾಯಿ ಅಪ್ಪಿ ಹೊಸತು ಮಾಡಿಲ್ಲ. ಬಾಗಿಲಿಗೆ ಕಟ್ಟಿದ ತೆನೆ ಒಣಗಿದೆ. ಮಾರಬೇಕಾದ ಭತ್ತ ಚಾವಡಿಯಲ್ಲೇ ಬಿದ್ದಿದೆ. ಕೇಳಿದರೆ ಅವರ ಉತ್ತರ: “ಸೀನನ ಕಾಲು ಬೆಚ್ಚಗೆ ಉಂಟು ಅಂತ ಕಾಗದ ಬರ್ಲಿ ಬ್ಯಾರಿಗಳೇ. ಮತ್ತೆ ಅಕ್ಕಿ ಕುಟ್ಟುವ.”

ಆದ್ದರಿಂದ ಆ ಬೂಟನ್ನು ಮಕಮಲ್ಲಿನಿಂದ ಇಳಿಸಿ. ಗುಡ್ಡೆಯಲ್ಲಿ ನಿಂತವರ ಕಾಲಿಗೆ ಮೊದಲು ಹಾಕಿಸಿ. ಅವರೆಲ್ಲರದ್ದೂ ಆದ ಮೇಲೆ ಲೋಕಕ್ಕೆಲ್ಲ ಮಾರಿ. ಪೆಟ್ಟಿಗೆ ಹೊರಲು ನಾನೇ ಬರುತ್ತೇನೆ.

ಇಂತಿ,
ಈ ವರ್ಷದ ಹೊಸತಿನ ಪಾಲು ಇನ್ನೂ ಬಾರದ ನೆರೆಮನೆಯವ,
ಕಲಂದರ್, ಇಚಿಲಂಪಾಡಿ