ಮಡಿಸಲು ಬಾರದ ಪುಡಿ

ಬಾಣಂತಿಯರ ಪೌಷ್ಟಿಕ ಪೊಟ್ಟಣಕ್ಕೆ ಸಹಿ ಹಾಕುವ ಜಿಲ್ಲಾ ಅಧಿಕಾರಿಗಳೇ,

ಮಾನ್ಯರೇ, ತಾವು ಕಳಿಸಿದ ಪುಡಿ ತಿಂದ ಇಬ್ಬರು ತಾಯಂದಿರ ಮಕ್ಕಳು ನಮ್ಮ ದ್ವೀಪದಲ್ಲಿ ಅಳುವುದನ್ನೇ ಬಿಟ್ಟಿವೆ. ಅದೇ ಪುಡಿಯ ಇನ್ನೂ ನಲವತ್ತು ಡಬ್ಬಿ ಈ ತಿಂಗಳ ಹದಿನಾರರ ದೋಣಿಗೆ ಬರುತ್ತಿವೆ. ತಡೆಯಿರಿ ಎಂದು ಮೂರು ಸಲ ಬರೆದೆ, ಎರಡು ಸಲ ಫೋನ್ ಮಾಡಿದೆ. ಅರ್ಜಿಗಳನ್ನು ಓದಲು ತಮಗೆ ಪುರುಸೊತ್ತಿಲ್ಲವೆಂದು ಗೊತ್ತಾಯಿತು. ಊಟದ ಹೊತ್ತಿಗೆ ಪತ್ರಿಕೆಯನ್ನಾದರೂ ಬಿಡಿಸುತ್ತೀರೇನೋ ಎಂಬ ಆಸೆಯಿಂದ ಇಲ್ಲಿ ಬರೆಯುತ್ತಿದ್ದೇನೆ.

ನಾನು ಕಡಲಪಾಚಿ ಮಾರುವವಳು. ಹನ್ನೊಂದನೇ ವಯಸ್ಸಿಗೆ ಬಂಡೆಯ ಮೇಲೆ ಪಾಚಿ ಹರವುವ ಕೂಲಿಗೆ ಸೇರಿದೆ. ಇವತ್ತು ಕೊರಿಯಾದ ಈ ದಕ್ಷಿಣ ಕರಾವಳಿಯ ಹದಿನಾಲ್ಕು ಸಂತೆಗಳಿಗೆ ನನ್ನ ಸರಕು ಹೋಗುತ್ತದೆ. ಶಾಲೆ ಓದಿದ್ದು ನಾಲ್ಕನೇ ತರಗತಿ. ಆದರೆ ಒಣಗಿದ ಪಾಚಿಯ ಕಟ್ಟನ್ನು ಕಣ್ಣಲ್ಲಿ ನೋಡಿ ತೂಕ ಹೇಳುತ್ತೇನೆ, ತಪ್ಪಿದರೆ ಒಂದು ಹಿಡಿ ಮಾತ್ರ. ಹಾಗಾಗಿ 'ನಮ್ಮ ಕಡಲಪಾಚಿಗಳು: ಪೋಷಕಾಂಶಗಳ ತುಲನೆ' ಎಂಬ ತಮ್ಮ ಬಣ್ಣದ ಹಾಳೆಯನ್ನು ಸಾಲುಸಾಲಾಗಿ ಓದಿದ್ದೇನೆ. ಅಚ್ಚುಕಟ್ಟಾಗಿದೆ. ಅಯೋಡಿನ್‌ಗೆ ಕಿಮ್ ಹಾಳೆಗೆ ಒಂದು ನಕ್ಷತ್ರ, ಮಿಯೋಕ್ ಎಲೆಗೆ ಎರಡು, ದಾಶಿಮಾ ಪಟ್ಟಿಗೆ ಐದು. ತಂಗಲು ಹೋಟೆಲು ಹುಡುಕುವವರಿಗೆ ಬಲು ಉಪಯುಕ್ತ. ಎಲ್ಲವನ್ನೂ ನೂರು ಗ್ರಾಮಿಗೆ ಲೆಕ್ಕ ಹಾಕಿದ್ದೀರಿ. ಸ್ವಾಮಿ, ಅನ್ನಕ್ಕೆ ಸುತ್ತಿಕೊಳ್ಳುವ ಒಂದು ಕಿಮ್ ಹಾಳೆ ಎರಡೋ ಮೂರೋ ಗ್ರಾಂ ತೂಗುತ್ತದೆ. ಒಂದು ಊಟಕ್ಕೆ ನಲವತ್ತು ಹಾಳೆ ಮುಗಿಸುವ ಬಾಣಂತಿಯನ್ನು ತಾವು ಎಲ್ಲಿ ಕಂಡಿರಿ? ದಾಶಿಮಾವನ್ನು ನಮ್ಮಲ್ಲಿ ಯಾರು ಅಗಿದು ನುಂಗುತ್ತಾರೆ? ಸಾರಿನ ರುಚಿಗೆಂದು ಅಂಗೈಯಗಲದ ಒಂದು ತುಂಡನ್ನು ನೀರಿಗೆ ಹಾಕಿ, ಒಂದು ಕುದಿ ಬಂದೊಡನೆ ತೆಗೆದಿಡುತ್ತೇವೆ. ತೋತ್ ಎಂಬ ಕಪ್ಪು ಪಾಚಿಗೆ ಕಬ್ಬಿಣಾಂಶದ ಬಾಬ್ತು ನಾಲ್ಕು ನಕ್ಷತ್ರ ಕೊಟ್ಟಿದ್ದೀರಿ. ಅದನ್ನು ಬೇಯಿಸಿದ ನೀರು ಚೆಲ್ಲದಿದ್ದರೆ ಹೊಟ್ಟೆಗೆ ಪಾಷಾಣವೂ ಸೇರುತ್ತದೆ ಎಂಬ ಒಂದು ಸಾಲಿಗೆ ಮಾತ್ರ ಹಾಳೆಯಲ್ಲಿ ಜಾಗ ಸಿಗಲಿಲ್ಲ. ಯಾವುದರಲ್ಲಿ ಎಷ್ಟಿದೆ ಎಂದು ಬರೆದಿದ್ದೀರಿ. ಎಷ್ಟಕ್ಕೆ ನಿಲ್ಲಿಸಬೇಕು ಎಂದು ಬರೆಯುವವರು ಯಾರು?

ಈ ಹಾಳೆ ಗೋಡೆಯ ಮೇಲೇ ಇದ್ದಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಅದು ಪೊಟ್ಟಣದೊಳಗೆ ಇಳಿದ ಬಗೆಯಲ್ಲಿ ನನ್ನ ಪಾಲೂ ಇದೆ. ಅದನ್ನೂ ಹೇಳಿಬಿಡುತ್ತೇನೆ, ತಮಗೆ ಹುಡುಕುವ ಶ್ರಮ ಬೇಡ.

ಹೆತ್ತವಳಿಗೆ ಮಿಯೋಕ್ ಸಾರು ಮೂರು ವಾರ, ಮೂರು ಹೊತ್ತು. ಅವಳಿಗೆಂದು ಕೊಳ್ಳುವ ಮಿಯೋಕನ್ನು ಯಾರೂ ಕತ್ತರಿಸುವುದಿಲ್ಲ, ಮಡಿಸುವುದಿಲ್ಲ. ಆಳುದ್ದದ ಎಲೆಯನ್ನು ಹುಲ್ಲಿನ ಹಗ್ಗದಲ್ಲಿ ಕಟ್ಟಿ ಹೆಗಲ ಮೇಲೆ ಹೊತ್ತು ತರಬೇಕು. ಮಡಿಸಿದರೆ ಹೆರಿಗೆ ತೊಡಕಾಗುತ್ತದೆ ಎಂಬುದು ನಮ್ಮ ನಂಬಿಕೆ. ಹೋದ ವರ್ಷ ತಮ್ಮ ಪೊಟ್ಟಣದಲ್ಲಿ ಮಿಯೋಕ್ ಬಂತು, ಕರವಸ್ತ್ರದ ಹಾಗೆ ನಾಲ್ಕು ಮಡಿಕೆ ಮಾಡಿ. ಅತ್ತೆಯರು ಅದನ್ನು ಅಂಗಳಕ್ಕೆ ಎಸೆದರು. ಅವರೆಲ್ಲರ ಪರವಾಗಿ ತಮಗೆ ದೂರು ಬರೆದವಳು ನಾನೇ. ಒಂಬತ್ತೇ ದಿನಕ್ಕೆ ಉತ್ತರ ಬಂತು: "ಫಲಾನುಭವಿಗಳ ಭಾವನೆಗಳನ್ನು ಗೌರವಿಸಿ, ಮಡಿಸುವ ಪ್ರಮೇಯವೇ ಬಾರದ ಹಾಗೂ ಹೆಚ್ಚು ನಕ್ಷತ್ರ ಪಡೆದ ಪದಾರ್ಥವನ್ನು ಒದಗಿಸಲಾಗುವುದು." ಹೀಗೆ ಮಿಯೋಕ್ ಹೋಗಿ ದಾಶಿಮಾ ಪುಡಿ ಬಂತು. ಪುಡಿಯನ್ನು ಮಡಿಸಲು ಬರುವುದಿಲ್ಲ, ನಿಜ. ಪೊಟ್ಟಣವನ್ನು ಸ್ವಲ್ಪ ಉದ್ದ ಮಾಡಿಸೋಣ ಎಂದು ಇಡೀ ಕಚೇರಿಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ?

ನನ್ನ ತಂಗಿಯ ಮಗಳು ಹ್ಯೊ-ರಿಮ್ ಹೆತ್ತ ನಾಲ್ಕನೇ ದಿನ ತಮ್ಮ ಡಬ್ಬಿ ಮನೆಗೆ ಬಂತು. ದಿನಕ್ಕೆ ಎರಡು ಚಮಚ ಎಂದು ಮೇಲೆ ಬರೆದಿತ್ತು. ಅವಳು ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು.

"ದೊಡ್ಡಮ್ಮ, ಇದನ್ನ ತಿನ್ಲಾ?"

ಮೂಸಿ ನೋಡಿದೆ. ಮೊದಲ ದರ್ಜೆಯ ಮಾಲು.

"ತಿನ್ನೇ ಹುಡುಗಿ. ಸರ್ಕಾರದ್ದು ಅಂತ ಹೆದರ್ಬೇಡ, ನಮ್ ಕಡಲಿಂದೇ ಇದು."

ಡಬ್ಬಿ ಬಂತೆಂದು ಸಾರು ನಿಲ್ಲಿಸುವ ಅಮ್ಮ ನಮ್ಮ ದ್ವೀಪದಲ್ಲಿಲ್ಲ. ಸಾರೂ ನಡೆಯಿತು, ಪುಡಿಯೂ ನಡೆಯಿತು. ಮಗು ಮಲಗಿತು. ಬಂದವರೆಲ್ಲ ಹೊಗಳಿದರು. "ಎಂಥಾ ಸಾಧು ಕೂಸೇ ನಿಂದು! ನನ್ನವನು ಊರನ್ನೇ ಎಬ್ಬಿಸ್ತಿದ್ದ," ಎಂದರು. ಮೂರನೇ ವಾರ ಹಾಲಿಗೆ ಎಬ್ಬಿಸಿದರೂ ಏಳಲಿಲ್ಲ. ಐದನೇ ವಾರದ ಹೊತ್ತಿಗೆ ಅಳು ಗೊಗ್ಗರಾಗಿ, ಆಮೇಲೆ ಅದೂ ಇಲ್ಲ. ಚಿವುಟಿದರೆ ಬಾಯಿ ತೆರೆಯುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಹನ್ನೆರಡು ಹೆಜ್ಜೆ ಆಚೆ ಇಂಜಿನ್ ರಿಪೇರಿಯವನ ಮನೆಯಲ್ಲಿ ಇನ್ನೊಂದು ಸಾಧು ಕೂಸು. ಅಲ್ಲಿಯೂ ಅದೇ ಡಬ್ಬಿ. ಎರಡು ಬಾಣಂತಿ ಮನೆಗಳಿರುವ ಓಣಿಯಲ್ಲಿ ಗಡಿಯಾರದ ಸದ್ದು ಕೇಳಿಸಿದ ದಿನ ಎರಡೂ ಕೂಸುಗಳನ್ನು ದೋಣಿ ಹತ್ತಿಸಿದೆ.

ಆಚೆ ದಡದ ಆಸ್ಪತ್ರೆಯ ಡಾಕ್ಟರಮ್ಮ ಎರಡೂ ಮಕ್ಕಳ ರಕ್ತ ತೆಗೆದು ನೋಡಿದರು. "ಥೈರಾಯ್ಡ್ ಕೆಲಸ ನಿಲ್ಲಿಸಿದೆ. ತಾಯಿ ಏನು ತಿಂತಿದ್ದಾಳೆ?" ಎಂದು ಕೇಳಿದರು. ಡಬ್ಬಿ ಕೊಟ್ಟೆ. ತೂಕಕ್ಕೆ ತೂಕ ಇಟ್ಟರೆ ದಾಶಿಮಾದಲ್ಲಿ ಮಿಯೋಕ್‌ಗಿಂತ ಹತ್ತಿಪ್ಪತ್ತು ಪಟ್ಟು ಅಯೋಡಿನ್; ಆ ಎರಡು ಚಮಚದಲ್ಲೇ ದೊಡ್ಡವರ ಮಿತಿಯ ನಾಲ್ಕು ಪಟ್ಟು, ಅದು ಹಾಲಿನಲ್ಲಿ ಇಳಿದು ಕೂಸಿನ ಕುತ್ತಿಗೆಗೆ ಹೋಗುತ್ತದೆ ಎಂದರು. ಪುಡಿ ನಿಲ್ಲಿಸಿ ಔಷಧಿ ಶುರುವಾಗಿದೆ. "ಪೂರ್ತಿ ಸರಿಹೋಗುತ್ತಾ?" ಎಂದು ಹ್ಯೊ-ರಿಮ್ ಕೇಳಿದಳು. "ಬೇಗ ಸಿಕ್ಕಿದ್ರೆ ಸಾಮಾನ್ಯವಾಗಿ ಹೋಗುತ್ತೆ," ಎಂದರು ಡಾಕ್ಟರಮ್ಮ. ಬೇಗ ಎಂದರೆ ಎಷ್ಟು ದಿನ ಎಂದು ಅವಳು ಕೇಳಲಿಲ್ಲ. ನನಗೂ ಧೈರ್ಯ ಬರಲಿಲ್ಲ.

ತಮ್ಮ ಕಚೇರಿಯ ಗುಮಾಸ್ತರು ಫೋನಿನಲ್ಲಿ ನನಗೆ ಪಾಠ ಹೇಳಿದರು. "ಅಜ್ಜಿ, ಅದು ನೈಸರ್ಗಿಕ ವಸ್ತು. ನೈಸರ್ಗಿಕವಾದ್ದು ಹೆಚ್ಚಾದ್ರೂ ಏನೂ ಆಗಲ್ಲ."

"ಸಮುದ್ರಾನೂ ನೈಸರ್ಗಿಕನೇ ಕಣಪ್ಪಾ. ನನ್ನ ಗಂಡ ಅದ್ರಲ್ಲೇ ಮುಳುಗಿ ಸತ್ತ."

ಗುಮಾಸ್ತರು ಕಡತ ತಿರುವಿ ಹಾಕಿದ ಸದ್ದು ಕೇಳಿಸಿತು. ಆಮೇಲೆ, "ಈಗಿರೋ ದಾಸ್ತಾನು ಖಾಲಿ ಆದ್ಮೇಲೆ ಪರಿಶೀಲನೆ ಮಾಡ್ತೀವಿ," ಎಂದರು.

ದಾಸ್ತಾನು ಎಲ್ಲಿ ಖಾಲಿಯಾಗುತ್ತದೆ, ಮಾನ್ಯರೇ? ಗೋದಾಮಿನಿಂದ ಹೊರಟದ್ದು ತೊಟ್ಟಿಲಲ್ಲಿ ಬಂದು ತುಂಬಿಕೊಳ್ಳುತ್ತಿದೆ. ಪಕ್ಕದ ಮೂರು ದ್ವೀಪಗಳಿಗೂ ಇದೇ ಡಬ್ಬಿ ಹೋಗಿದೆಯಂತೆ. ಅಲ್ಲಿಂದ ಒಂದೂ ದೂರಿಲ್ಲ ಎಂದು ತಮ್ಮ ಗುಮಾಸ್ತರು ಹೆಮ್ಮೆಪಟ್ಟರು. ನನ್ನನ್ನು ಹೆಚ್ಚು ಹೆದರಿಸಿದ್ದು ಆ ಮಾತೇ. ಮಗು ಅಳುತ್ತಿಲ್ಲ ಎಂದು ಯಾವ ತಾಯಿ ದೂರು ಕೊಡುತ್ತಾಳೆ?

ನನಗೆ ಪರಿಹಾರ ಬೇಡ, ಸಮಿತಿ ಬೇಡ. ಹದಿನಾರರ ಡಬ್ಬಿಗಳನ್ನು ದೋಣಿ ಹತ್ತಿಸಬೇಡಿ. ಈಗಾಗಲೇ ಹಂಚಿದ್ದನ್ನು ಮನೆಮನೆಗೆ ಹೋಗಿ ವಾಪಸು ತನ್ನಿ. ಹಂಚುವಾಗ ವಿಳಾಸ ಸಿಕ್ಕಿತ್ತಲ್ಲ, ಈಗಲೂ ಸಿಗುತ್ತದೆ. ಆ ಮನೆಗಳ ಪ್ರತಿಯೊಂದು ಕೂಸಿನ ರಕ್ತವನ್ನೂ ಈ ವಾರವೇ ಪರೀಕ್ಷೆ ಮಾಡಿಸಿ, ಸಾಧು ಎನಿಸಿಕೊಂಡ ಕೂಸುಗಳದ್ದು ಮೊದಲು. ತಮ್ಮ ಹಾಳೆಯನ್ನು ಗೋಡೆಯಿಂದ ಕಿತ್ತು, ಮತ್ತೆ ಬರೆಯುವ ಮುನ್ನ ಒಂದು ಅಡುಗೆಮನೆಗೆ ಹೋಗಿ ಬನ್ನಿ.

ನಮ್ಮ ಓಣಿಯಲ್ಲಿ ಮುಂದಿನ ಹೆರಿಗೆಗೆ ಹತ್ತೊಂಬತ್ತನೇ ತಾರೀಕು ಕೊಟ್ಟಿದ್ದಾರೆ. ಆಕೆಯ ಹೆಸರು ತಮ್ಮ ಪಟ್ಟಿಯಲ್ಲಿ ಆಗಲೇ ಸೇರಿದೆ. ದಕ್ಕೆಯಲ್ಲಿ ಸರಕು ಇಳಿಸುವ ಹೆಂಗಸರೆಲ್ಲ ತಮ್ಮ ಡಬ್ಬಿಗಳಿಗೆ ಕೈ ಹಚ್ಚುವುದಿಲ್ಲ ಎಂದು ನಿಶ್ಚಯಿಸಿದ್ದಾರೆ. ಕಳಿಸಿಯೇ ತೀರುವುದಾದರೆ ತಾವೇ ಜೊತೆಗೆ ಬಂದು ಇಳಿಸಬೇಕಾದೀತು. ಬನ್ನಿ. ಹ್ಯೊ-ರಿಮ್ ಮನೆ ದಕ್ಕೆಯಿಂದಲೇ ಕಾಣುತ್ತದೆ. ಬಾಗಿಲಲ್ಲಿ ನಿಂತು ಕಿವಿಗೊಡಿ. ಏನೂ ಕೇಳಿಸಲಿಲ್ಲವೆಂದು, ಮನೆಯಲ್ಲಿ ಯಾರೂ ಇಲ್ಲ ಅಂದುಕೊಂಡು ಹಿಂತಿರುಗಬೇಡಿ.

ಇಂತಿ,
ತಮಗಿಂತ ಮೊದಲೇ ಎಚ್ಚೆತ್ತರೂ ತಡವಾಗಿಯೇ ಎಚ್ಚೆತ್ತ ಪಾಚಿ ವ್ಯಾಪಾರಿ,
ಪ್ಯೊ ಒಕ್-ಬುನ್