ಚರ್ಮ ನಿಮ್ಮದು, ಎಲುಬು ನಮ್ಮದು

ಶಾಲೆ ತನಿಖೆಗೆಂದು ಬಂದು ಚಹಾ ಕುಡಿದು ಹೋದ ಮಾನ್ಯ ಅಧಿಕಾರಿಗಳೇ,

ಮುಸಲ್ಮಾನ ಪಾಲಕರು ಧರ್ಮದ ಹುಚ್ಚಿನಿಂದ ಮಕ್ಕಳನ್ನು ಸರಕಾರಿ ಶಾಲೆ ಬಿಡಿಸಿ ಮಸೂತಿಯ ಪಾಠಶಾಲೆ ಮಕ್ತಬಕ್ಕೆ ಕಳಿಸುತ್ತಿದ್ದಾರೆಂದು ತಾವು ವರದಿ ಬರೆದಿದ್ದೀರಂತೆ. ಯಾರನ್ನು ಕೇಳಿ ಬರೆದಿರಿ? ನನ್ನ ಮನೆ ಶಾಲೆಯ ಬೆನ್ನಿಗೇ ಇದೆ. ಬಾಗಿಲು ಬಡಿದರೆ ತಮ್ಮ ಕೈ ನೋಯುತ್ತಿತ್ತೇ?

ನಾನು ಶಹಾಬಾದಿನ ಕಡೆ ನೆಲಕ್ಕೆ ಹಾಸುವ ಫರಸಿ ಕಲ್ಲು ಒಡೆಯುವವನು. ಏಳನೆಯವರೆಗೆ ಕನ್ನಡ ಶಾಲೆ ಕಲಿತವನು. ಅದೇ ಅಭಿಮಾನದಿಂದ ಮಗಳು ಮೆಹತಾಬಳನ್ನು ಆ ಶಾಲೆಗೆ ಹಾಕಿದೆ. ನಮ್ಮ ಹಿರಿಯರು ಹೇಳುತ್ತಿದ್ದಂತೆ ನಾನೂ ಕೈಮುಗಿದು ಹೇಳಿದೆ: "ಚರ್ಮ ನಿಮ್ದು, ಎಲುಬು ನಮ್ದು ಮಾಸ್ತರ್ರೆ. ಹೊಡ್ದು ಕಲಿಸ್ರಿ." ಮಾಸ್ತರರು ಎಲುಬನ್ನೂ ಬಿಡಲಿಲ್ಲ. ಹದಿಮೂರರ ಮಗ್ಗಿ ತಪ್ಪಿದ್ದಕ್ಕೆ ಛಡಿ ಮುರಿಯುವ ತನಕ ಹೊಡೆದರು, ಮುರಿದ ಮೇಲೆ ಕಟ್ಟಿಗೆಯ ರೂಲು ಹಿಡಿದರು. ಎಂಟು ವರ್ಷದ ಕೂಸಿನ ಬಲಗೈ ನಡುಬೆರಳು ಮುರಿಯಿತು. ಅಂಗೈಯಿಂದ ಮೊಣಕೈ ತನಕ ರಕ್ತ. ಕೆಲಸದಿಂದ ನೇರ ಕೇಳಲು ಹೋದೆ. "ನೀನೇ ಹೊಡೀರಿ ಅಂದಿದ್ಯಲ್ಲೋ ಸಾಬಾ?" ಎಂದು ನಕ್ಕು, ಜವಾನನಿಂದ ಕುತ್ತಿಗೆ ಹಿಡಿಸಿ ಹೊರಗೆ ದಬ್ಬಿಸಿದರು. ಆಗ ನನ್ನ ಕೈಯಲ್ಲಿ ಕಲ್ಲೊಡೆಯುವ ಸುತ್ತಿಗೆ ಇತ್ತು. ಅದನ್ನು ಎತ್ತದೆ ಉಳಿದದ್ದು ತಮ್ಮ ಇಲಾಖೆಯ ಪುಣ್ಯ.

ಇನ್ನು ಆಮೇಲೆ ಮಗಳನ್ನು ಹಾಕಿದ ಮಕ್ತಬ. ಅಲ್ಲೂ ಛಡಿ ಇತ್ತು ಸಾಹೇಬರೇ, ಸುಳ್ಳು ಹೇಳುವುದಿಲ್ಲ. ಆದರೆ ಮೊದಲ ದಿನವೇ ನನ್ನ ಹೆಂಡತಿ ಹಮೀದಾಬಿ ಅಲ್ಲಿ ಕಲಿಸುವ ಉಸ್ತಾದರ ಎದುರಿಗೇ ಅದನ್ನು ಮೊಣಕಾಲಿಗೆ ಕೊಟ್ಟು ಲಟಕ್ಕನೆ ಮುರಿದಳು. "ಚರ್ಮಾನೂ ನಮ್ದೇ, ಎಲುಬೂ ನಮ್ದೇ. ಅಕ್ಷರ ಅಷ್ಟೇ ನಿಮ್ದು, ಅದನ್ನ ಕೊಡ್ರಿ," ಎಂದಳು. ಉಸ್ತಾದರು ನಮ್ಮ ಓಣಿಯವರೇ. ತಲೆ ತಗ್ಗಿಸಿ, "ಆಯ್ತು ತಂಗಿ," ಎಂದರು. ನಾವು ಮಕ್ತಬಕ್ಕೆ ಕಳಿಸುವುದು ಸತ್ತ ಮೇಲೆ ಜನ್ನತ್ ಸಿಗಲೆಂದಲ್ಲ, ಕೇಳಿದರೆ ಜವಾಬು ಸಿಗುತ್ತದೆಂದು. ಪಕ್ಕದ ಮನೆಯ ಲಾಲಪ್ಪನ ಮಗನ ಬೆನ್ನನ್ನೂ ಅದೇ ಮಾಸ್ತರರು ಹರಿದಿದ್ದಾರೆ. "ನಿಮಗರ ಮಸೂತಿ ಅದ ನಬೀಸಾಬ, ನಾ ಎಲ್ಲಿ ಒಯ್ಲಿ?" ಎನ್ನುತ್ತಾನೆ. ಅವನು ಮಗನನ್ನು ಶಾಲೆ ಬಿಡಿಸಿ ದನ ಕಾಯಲು ಹಚ್ಚಿದ್ದು ಯಾವ ಧರ್ಮದ ಹುಚ್ಚಿಗೆ? ಅದನ್ನೂ ವರದಿಯಲ್ಲಿ ಬರೆಯಿರಿ.

ಮೆಹತಾಬ್ ಈಗ ಸೊಟ್ಟ ಬೆರಳಿನಲ್ಲೇ ಅಲಿಫ್ ಬೇ ಅಕ್ಷರ ಬರೆಯುತ್ತಾಳೆ. ಮಕ್ತಬದಲ್ಲಿ ಕನ್ನಡವಿಲ್ಲ, ಕಲಿತದ್ದನ್ನೂ ದಿನಕ್ಕಿಷ್ಟು ಮರೆಯುತ್ತಿದ್ದಾಳೆ. ನನ್ನ ಹೊಟ್ಟೆ ಉರಿಯುವುದು ಅದಕ್ಕೇ. ಆ ಮಾಸ್ತರರನ್ನು ಶಾಲೆಯಿಂದ ಎತ್ತಿಹಾಕಿರಿ. ಛಡಿಗಳನ್ನು ತಮ್ಮ ಕಣ್ಣೆದುರೇ ಒಲೆಗೆ ಹಾಕಿಸಿರಿ. ಮರುದಿನವೇ ಅವಳನ್ನು ಶಾಲೆಗೆ ಕರೆತರುತ್ತೇನೆ. ಇದನ್ನು ನಿನ್ನೆ ಮಗಳಿಗೂ ಹೇಳಿದೆ. ಅವಳು ಕೇಳಿದ್ದು ಒಂದೇ ಮಾತು: "ಅಬ್ಬಾ, ಈ ಸಲ ಏನಂತ ಹೇಳಿ ಬಿಟ್ಟು ಬರ್ತಿ?"

ಇಂತಿ,
ಮಗಳ ಚರ್ಮವನ್ನು ಕೈಮುಗಿದು ಒಪ್ಪಿಸಿ ಬಂದ ತಂದೆ,
ನಬೀಸಾಬ